ಮೊರೇರ ಮನೆ ಯಾವ ಕಡೆಗೆ ಬೀಳುತ್ತದೆ

ಹಿರೇಬೆಣಕಲ್ ಗುಡ್ಡದ ಚಿತ್ರಗಳಲ್ಲಿ ಯಾವಾಗಲೂ ನಿಂತ ಮನೆಗಳೇ ಇರುತ್ತವೆ. ಮನೆ ಎನ್ನುವುದು ಊರಿನವರ ಮಾತು, ಇವು ನಿಜಕ್ಕೆ ಬಹಳ ಹಿಂದಿನ ಜನರ ಕಲ್ಗೋರಿಗಳು. ನಾಲ್ಕು ಕಲ್ಲುಚಪ್ಪಡಿಯ ಗೋಡೆ, ಮೇಲೊಂದು ಚಪ್ಪಡಿಯ ಮುಚ್ಚಳ, ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ, ಹಿಂದೆ ಸಂಜೆಯ ಆಕಾಶ. ಇವನ್ನು ಕಟ್ಟಿದವರ ಬುದ್ಧಿ ತಿಳಿಯಬೇಕಾದರೆ ಮಾತ್ರ ಚಿತ್ರಕ್ಕೆ ಸಿಗದ, ಮಗುಚಿ ಬಿದ್ದ ಮನೆಗಳ ಹತ್ತಿರ ಕೂರಬೇಕು. ನಿಂತದ್ದು ತನ್ನ ಒಳಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಬಿದ್ದದ್ದು ತಾನು ಇಷ್ಟು ದಿನ ಯಾವುದರ ಆಸರೆಯಲ್ಲಿ ನಿಂತಿತ್ತು ಎಂಬುದನ್ನು ತೋರಿಸಿಯೇ ಬಿದ್ದಿರುತ್ತದೆ.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ಹೋದರೆ ಹಿರೇಬೆಣಕಲ್ ಊರು, ಅಲ್ಲಿಂದ ಮೇಲೆ ಕಾಲುದಾರಿ. ಸಾಲು ಗುಡ್ಡಗಳ ನೆತ್ತಿಯ ಹಾಸುಬಂಡೆಯ ಮೇಲೆ, ಎಣಿಸುವವರ ಲೆಕ್ಕಕ್ಕೆ ತಕ್ಕಂತೆ 400ರಿಂದ 600ರವರೆಗೆ ಕಟ್ಟಡಗಳಿವೆ. ಈ ಅಂತರಕ್ಕೆ ಕಾರಣ ಎಣಿಸುವವರ ಸೋಮಾರಿತನವಲ್ಲ. ಬಿದ್ದು ಚೆದುರಿದ ಚಪ್ಪಡಿಗಳನ್ನು ಒಂದು ಮನೆ ಅನ್ನಬೇಕೋ ಎರಡು ಅನ್ನಬೇಕೋ ಎಂಬ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಚಿಕ್ಕವು ಮೊಣಕಾಲೆತ್ತರಕ್ಕಿದ್ದರೆ, ದೊಡ್ಡವು 8ರಿಂದ 10 ಅಡಿ ಎತ್ತರ. ಕಾಲ ಸಾಮಾನ್ಯವಾಗಿ ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಎಂದು ಹೇಳುತ್ತಾರೆ. 1835ರಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಇವುಗಳ ಬಗ್ಗೆ ಮೊದಲು ಬರೆದ. 2021ರಲ್ಲಿ ಈ ಜಾಗ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಊರಿನವರಿಗೆ ಇದು ಮೊರೇರ ಗುಡ್ಡ. ಮೊರೇರು ಮೂರಡಿ ಎತ್ತರದ ಕುಳ್ಳ ಜನ, ಈ ಕಲ್ಮನೆಗಳಲ್ಲಿ ಬಾಳಿದರು, ಆಕಾಶದಿಂದ ಬೆಂಕಿ ಮಳೆ ಸುರಿದಾಗ ಒಳಗೇ ಸತ್ತರು ಎಂಬ ಕಥೆ. ಕಥೆಯ ಮೂಲ ಆ ಕಿಂಡಿಯಲ್ಲೇ ಇರಬೇಕು. ಬಾಗಿಲು ಇಷ್ಟು ಸಣ್ಣದಾದರೆ ಒಳಗಿದ್ದವರು ಇನ್ನೆಷ್ಟು ದೊಡ್ಡವರು? ಮೊರೇರು ಎಂದರೆ ಮೌರ್ಯರು ಎಂದು ವಿವರಿಸುವವರೂ ಇದ್ದಾರೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೇ ಅಶೋಕನ ಶಾಸನಗಳಿರುವುದರಿಂದ ಊಹೆ ಸಲೀಸಾಗಿ ಹುಟ್ಟುತ್ತದೆ. ಆದರೆ ಮೌರ್ಯರು ಇಲ್ಲಿಗೆ ಬಂದದ್ದು ಕ್ರಿ.ಪೂ. ಮೂರನೆಯ ಶತಮಾನದಲ್ಲಿ; ಆ ಹೊತ್ತಿಗೆ ಈ ಗುಡ್ಡದ ಕಟ್ಟುವ ಕಾಲ ಮುಗಿಯುತ್ತ ಬಂದಿತ್ತು. ಮೌರ್ಯರು ಕಟ್ಟಿದರು ಎನ್ನುವುದಕ್ಕಿಂತ, ಅಶೋಕನ ಶಾಸನ ಕೆತ್ತುವಾಗ ಸುತ್ತಲ ಸೀಮೆಯಲ್ಲಿದ್ದವರು ಇಂಥ ಗೋರಿ ಕಟ್ಟುವ ವಾಡಿಕೆಯ ಜನ ಎನ್ನುವುದು ಸರಿಯಾದ ಮಾತು. ಮಸ್ಕಿ, ಬ್ರಹ್ಮಗಿರಿ ಎರಡರಲ್ಲೂ ಶಾಸನವೂ ಇದೆ, ಬೃಹತ್ ಶಿಲಾ ಗೋರಿಗಳೂ ಇವೆ.

ಮೊದಲು ಕಲ್ಲಿನ ವಿಷಯ. ಇಲ್ಲಿನ ಗ್ರಾನೈಟ್ ಬಂಡೆ ಈರುಳ್ಳಿಯ ಹಾಗೆ ಪದರ ಬಿಡುತ್ತದೆ. ಆಳದಲ್ಲಿ ಒತ್ತಡದಲ್ಲಿ ಹುಟ್ಟಿದ ಕಲ್ಲು, ಮೇಲಿನ ಮಣ್ಣು-ಬಂಡೆಗಳ ಭಾರ ಸವೆದು ಹೋದ ಮೇಲೆ ಹಿಗ್ಗಿ, ಮೈಗೆ ಸಮಾನಾಂತರವಾಗಿ ಬಿರುಕು ಬಿಡುತ್ತದೆ. ಹೀಗಾಗಿ ಒಂದು ಗೇಣು ದಪ್ಪದ, ಎರಡೂ ಮೈ ಹೆಚ್ಚುಕಡಿಮೆ ಸಪಾಟಾದ ಚಪ್ಪಡಿ ಅರ್ಧ ಸಿದ್ಧವಾಗಿಯೇ ಬಿದ್ದಿರುತ್ತದೆ. ಪದರ ಪೂರ್ತಿ ಎದ್ದಿಲ್ಲವಾದರೆ ಅದರ ಮೇಲೆ ಬೆಂಕಿ ಹಾಕಿ ಕಾಯಿಸಿ ಎಬ್ಬಿಸಬಹುದು. ಕಾದ ಮೇಲ್ಪದರ ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ, ನಡುವಿನ ಬಿರುಕು ಮುಂದಕ್ಕೆ ಓಡುತ್ತದೆ. ಬೆಂಗಳೂರಿನ ಕಡೆ ಕಲ್ಲುಕುಟಿಗರು 19ನೇ ಶತಮಾನದಲ್ಲೂ ಹೀಗೆಯೇ ಚಪ್ಪಡಿ ಎಬ್ಬಿಸುತ್ತಿದ್ದರು. ಉರಿ ಹೆಚ್ಚಾದರೆ ಕೆಲಸ ಕೆಡುತ್ತದೆ. 573 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗ್ರಾನೈಟಿನೊಳಗಿನ ಬೆಣಚಿನ ಹರಳು ಒಮ್ಮೆಲೇ ಉಬ್ಬಿ ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಬೇಕಾದದ್ದು ಹರಡಿದ, ನಿಧಾನದ ಬೆಂಕಿ.

ಚಪ್ಪಡಿಯ ಅಂಚನ್ನು ನೋಡಿದರೆ ಎಬ್ಬಿಸಿದ ಕಾಲವನ್ನು ಅಂದಾಜು ಮಾಡಬಹುದು. ಗೋರಿ ಕಟ್ಟಿದವರ ಅಂಚು ಗುಂಡುಕಲ್ಲಿನಿಂದ ಬಡಿದು ಚಕ್ಕೆ ತೆಗೆದದ್ದು. ಅಲೆಅಲೆಯಾಗಿ, ಒರಟಾಗಿ ಇರುತ್ತದೆ. ಅಂಚಿನುದ್ದಕ್ಕೂ ಸಾಲಾಗಿ ಚೌಕ ಗುಳಿಗಳಿದ್ದರೆ ಅದು ಬೆಣೆ ಹೊಡೆದು ಸೀಳಿದ ಕಲ್ಲು, ಹಂಪಿಯಲ್ಲಿ ಹೆಜ್ಜೆಹೆಜ್ಜೆಗೂ ಕಾಣುವ ವಿಜಯನಗರ ಕಾಲದ ರೀತಿ. ದುಂಡಗೆ, ನೀಟಾಗಿ, ಬೆರಳು ಇಳಿಯುವಷ್ಟು ಆಳ ಕೊರೆದಿದ್ದರೆ ಅದು ನಮ್ಮ ಕಾಲದ ಡ್ರಿಲ್ಲಿನದು. ಹಳೆಯ ಚಪ್ಪಡಿಯ ಮೇಲೆ ಹೊಸ ಗುಳಿಗಳು ಕಂಡರೆ ಯಾರೋ ಗೋರಿಯನ್ನೇ ಕ್ವಾರಿ ಮಾಡಿಕೊಂಡಿದ್ದರು ಎಂದರ್ಥ.

ಗುಡ್ಡದ ಮೇಲೆ ಒಂದು ಕೆರೆಯಿದೆ. ಕಲ್ಲು ಎಬ್ಬಿಸಿದ ಗುಂಡಿಯೇ ನೀರು ನಿಂತು ಕೆರೆಯಾಯಿತು ಎಂಬುದು ಒಪ್ಪುವಂಥ ವಿವರಣೆ. ಚಪ್ಪಡಿ ತೆಗೆದ ಜಾಗ ಕಟ್ಟುವ ಜಾಗದ ಮಗ್ಗುಲಲ್ಲೇ ಇದ್ದುದರಿಂದ ಸಾಗಣೆಯ ಕಷ್ಟ ಬಹಳಷ್ಟು ತಪ್ಪಿತು. ಗೋರಿಗೆ ಗುಡ್ಡದ ನೆತ್ತಿಯನ್ನೇ ಯಾಕೆ ಆರಿಸಿದರು ಎಂದು ಕೇಳುವವರು ದೇವರು, ಆಕಾಶ, ಪೂರ್ವಜರು ಎಂದು ಹುಡುಕುತ್ತಾರೆ. ಇರಬಹುದು. ಆದರೆ ಕಲ್ಲು ಇದ್ದದ್ದು ಅಲ್ಲೇ ಎಂಬ ಉತ್ತರವನ್ನು ಮೊದಲು ದಾಟಬೇಕು.

ಈಗ ಕಟ್ಟುವ ಬಗೆ. ನಾಲ್ಕು ಚಪ್ಪಡಿಯನ್ನು ಚೌಕಕ್ಕೆ ನಿಲ್ಲಿಸಲು ಯಾರಿಗಾದರೂ ತಟ್ಟನೆ ಹೊಳೆಯುವುದು ಎರಡು ಉದ್ದದ ಗೋಡೆ, ಅವುಗಳ ನಡುವೆ ಎರಡು ಗಿಡ್ಡ ಗೋಡೆ. ಈ ಜನ ಹಾಗೆ ಮಾಡಲಿಲ್ಲ. ಒಂದೊಂದು ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯ ಒಳಮೈಗೆ ತಾಗುತ್ತದೆ. ಇನ್ನೊಂದು ತುದಿ ಆಚೆ ಪಕ್ಕದ ಚಪ್ಪಡಿಯನ್ನು ದಾಟಿ ಹೊರಗೆ ಚಾಚುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನೆಲದೊಳಗಿನ ಕಲ್ಗೋರಿಗಳನ್ನು ಅಗೆದಾಗ ಈ ಜೋಡಣೆ ಸ್ಪಷ್ಟವಾಗಿ ಕಂಡಿತು. ಅದರ ಉಪಯೋಗವನ್ನೂ ಅವರು ಗುರುತಿಸಿದರು. ಒಂದು ಚಪ್ಪಡಿ ಒಳಕ್ಕೆ ವಾಲಲು ಹೊರಟರೆ ಅದರ ಒಳಮೈಗೆ ತಾಗಿರುವ ನೆರೆಯ ಚಪ್ಪಡಿಯ ಅಂಚು ತಡೆಯುತ್ತದೆ. ಆ ನೆರೆಯದನ್ನು ಅದರ ನೆರೆಯದು ತಡೆಯುತ್ತದೆ. ಹೀಗೆ ನಾಲ್ಕೂ ಒಂದನ್ನೊಂದು ಹಿಡಿದಿವೆ. ಸುಣ್ಣವಿಲ್ಲ, ಗಾರೆಯಿಲ್ಲ, ಕೂಡುಗಚ್ಚಿಲ್ಲ.

ಇಷ್ಟು ಹೇಳಿ ಹೆಚ್ಚಿನ ಬರಹಗಳು ನಿಲ್ಲುತ್ತವೆ. ಅರ್ಧ ಮಾತಷ್ಟೇ ಅದು. ಸ್ವಸ್ತಿಕ ಜೋಡಣೆ ತಡೆಯುವುದು ಒಳಗೆ ಬೀಳುವುದನ್ನು ಮಾತ್ರ. ಹೊರಗೆ ಬೀಳುವುದಕ್ಕೆ ಅದರಲ್ಲಿ ಏನೂ ತಡೆಯಿಲ್ಲ. ಬ್ರಹ್ಮಗಿರಿಯ ಗೋರಿಗಳು ಗುಂಡಿಯೊಳಗಿದ್ದವು, ಹೊರಗಿನ ಮಣ್ಣು ಸದಾ ಒಳಕ್ಕೆ ಒತ್ತುತ್ತಿತ್ತು, ಹಾಗಾಗಿ ಒಳಬೀಳುವಿಕೆಯೊಂದೇ ಭಯ. ಹಿರೇಬೆಣಕಲ್ಲಿನಲ್ಲಿ ಮನೆ ನಿಂತಿರುವುದು ಬರಿಯ ಹಾಸುಬಂಡೆಯ ಮೇಲೆ. ಕೆಳಗೆ ಅಗೆದು ಹೂಳುವಷ್ಟು ಮಣ್ಣೇ ಇಲ್ಲ. ಇಲ್ಲಿ ಹೊರಗಿನ ಆಸರೆಯನ್ನು ಬೇರೆಯಾಗಿಯೇ ಕೊಡಬೇಕಾಯಿತು: ಗೋಡೆಯ ಬುಡದ ಸುತ್ತ ಕಾಡುಗಲ್ಲಿನ ಒಟ್ಟಿಲು, ಕೆಲವು ಕಡೆ ಅಡ್ಡಲಾಗಿ ಒರಗಿಸಿದ ಸಣ್ಣ ಚಪ್ಪಡಿಗಳು, ಸಂದಿಗೆ ಸಿಕ್ಕಿಸಿದ ಚಕ್ಕೆಗಳು. ನೋಡಲು ಇದು ಕಸದ ಹಾಗಿರುತ್ತದೆ. ಫೋಟೊ ಚೆನ್ನಾಗಿ ಬರಲಿ ಎಂದು ಸರಿಸುವವರು ಮೊದಲು ಸರಿಸುವುದೂ ಇದನ್ನೇ. ಹೊಲದ ಬದುವಿಗೆ, ಕುರಿದೊಡ್ಡಿಗೆ ಕಲ್ಲು ಬೇಕಾದವರು ಹೊತ್ತೊಯ್ಯುವುದೂ ಇದನ್ನೇ. ಎರಡು ಟನ್ನಿನ ಚಪ್ಪಡಿಯನ್ನು ಯಾರು ಹೊರುತ್ತಾರೆ? ಕೈಗೆ ಸಿಗುವ ಕಲ್ಲು ಹೋದ ಕೆಲ ಮಳೆಗಾಲಗಳಲ್ಲಿ ದೊಡ್ಡ ಕಲ್ಲು ತಾನಾಗಿಯೇ ವಾಲುತ್ತದೆ.

ತೂಕದ ಲೆಕ್ಕವನ್ನೂ ಮಾಡಿಬಿಡೋಣ, ಯಾಕೆಂದರೆ ಇಲ್ಲಿ ಉತ್ಪ್ರೇಕ್ಷೆ ಜಾಸ್ತಿ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.65 ಟನ್. ಎರಡೂವರೆ ಮೀಟರ್ ಉದ್ದ, 2 ಮೀಟರ್ ಎತ್ತರ, 15 ಸೆಂ.ಮೀ. ದಪ್ಪದ ಗೋಡೆ ಚಪ್ಪಡಿ ಸುಮಾರು 2 ಟನ್. ಮೂರು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, 20 ಸೆಂ.ಮೀ. ದಪ್ಪದ ಮುಚ್ಚಳ ಸುಮಾರು 4 ಟನ್. ಮುಚ್ಚಳವನ್ನು ಎಳೆಯಲು, ಮರದ ದಿಮ್ಮಿಯ ಹಳಿಯ ಮೇಲೆ ತಿಕ್ಕಾಟ ಮೂರನೇ ಒಂದು ಪಾಲು ಎಂದಿಟ್ಟುಕೊಂಡರೆ, 1.3 ಟನ್ ಸೆಳೆತ ಬೇಕು. ಒಬ್ಬೊಬ್ಬರು 30 ಕಿಲೊ ಎಳೆದರೆ 45 ಜನ. ಒಂದು ಊರಿನ ಗಂಡಾಳುಗಳು.

ಎತ್ತುವುದು ಇನ್ನೂ ಸುಲಭ, ನಿಧಾನ ಮಾತ್ರ. ಮುಚ್ಚಳದ ಒಂದು ಅಂಚನ್ನಷ್ಟೇ ಎತ್ತುವಾಗ ಭಾರ ಅರ್ಧ, ಅಂದರೆ 2 ಟನ್. ಮೂರು ಮೀಟರ್ ಉದ್ದದ ನಾಲ್ಕು ಮರದ ಸನ್ನೆಗೋಲು, ಒಂದೊಂದಕ್ಕೂ ತುದಿಯಿಂದ 30 ಸೆಂ.ಮೀ. ದೂರದಲ್ಲಿ ಊರುಗಲ್ಲು. ಒಂದು ಸನ್ನೆಗೆ ಬರುವ ಭಾರ 500 ಕಿಲೊ. ಅತ್ತ ತುದಿಯಲ್ಲಿ ಒತ್ತಬೇಕಾದದ್ದು ಅದರ ಒಂಬತ್ತನೇ ಒಂದು ಪಾಲು, ಸುಮಾರು 55 ಕಿಲೊ. ಸನ್ನೆಗೆ ಇಬ್ಬರಂತೆ ಎಂಟು ಜನ ಮೇಲೆ ಬಿದ್ದು ಒತ್ತಿದರೆ ಅಂಚು ನಾಲ್ಕು ಬೆರಳು ಏಳುತ್ತದೆ. ಕೆಳಗೆ ಕಲ್ಲು, ದಿಮ್ಮಿ ತೂರಿಸು. ಇನ್ನೊಂದು ಅಂಚಿಗೆ ಹೋಗು. ಮತ್ತೆ ಈ ಅಂಚಿಗೆ ಬಾ. ಒಟ್ಟಿಲು ಗೋಡೆಯ ಎತ್ತರಕ್ಕೆ ಬಂದಾಗ ಪಕ್ಕಕ್ಕೆ ಎಳೆದು ಗೋಡೆಯ ಮೇಲೆ ಕೂರಿಸಬೇಕು. ಅಪಾಯವಿರುವುದು ಈ ಕೊನೆಯ ಎಳೆತದಲ್ಲಿ. ಮುಚ್ಚಳ ಪಕ್ಕಕ್ಕೆ ಜಾರುವಾಗ ಗೋಡೆಯನ್ನೂ ತನ್ನ ಜೊತೆ ತಳ್ಳುತ್ತದೆ. ಎಳೆಯುವವರು ಗೋಡೆಯ ಒಳಗೂ ಹೊರಗೂ ಕಲ್ಲು ತುಂಬಿಕೊಂಡಿರಬೇಕು, ಆಮೇಲೆ ಒಳಗಿನದನ್ನು ಖಾಲಿ ಮಾಡಿ ಹೊರಗಿನದನ್ನು ಬಿಟ್ಟಿರಬೇಕು ಎಂಬುದು ನನ್ನ ಊಹೆ. ಏನೇ ಆಗಲಿ, ರಾಕ್ಷಸರು ಬೇಕಿಲ್ಲ. ಮೂರಡಿ ಮೊರೇರಾದರೂ ಸಾಕಿತ್ತು, ಸನ್ನೆ ಸ್ವಲ್ಪ ಉದ್ದ ಹಿಡಿದಿದ್ದರೆ.

ಮುಚ್ಚಳ ತನ್ನ ಭಾರಕ್ಕೇ ಮುರಿಯುತ್ತದೆಯೇ? ಇಲ್ಲ. ಗೋಡೆಯಿಂದ ಗೋಡೆಗೆ 2 ಮೀಟರ್ ಅಂತರ, ಕಲ್ಲು 20 ಸೆಂ.ಮೀ. ದಪ್ಪ ಇದ್ದರೆ ಅದರ ಕೆಳಮೈಗೆ ಬೀಳುವ ಎಳೆತ ಚದರ ಸೆಂಟಿಮೀಟರಿಗೆ 4 ಕಿಲೊ ಆಸುಪಾಸು. ಗಟ್ಟಿ ಗ್ರಾನೈಟ್ ಇದರ ಹದಿನೈದು ಇಪ್ಪತ್ತು ಪಟ್ಟು ತಡೆದೀತು. ದಪ್ಪವನ್ನು ಅರ್ಧಕ್ಕಿಳಿಸಿದರೂ ಎಳೆತ ಇಮ್ಮಡಿಯಾಗುತ್ತದೆ ಅಷ್ಟೆ. ಹಾಗಿದ್ದರೂ ನಡು ಮುರಿದ ಮುಚ್ಚಳಗಳು ಕಾಣುತ್ತವೆ, ಅವಕ್ಕೆ ಬೇರೆ ಕಾರಣ ಹುಡುಕಬೇಕು. ಒಂದು, ಕಲ್ಲಿನಲ್ಲೇ ಅಡಗಿದ್ದ ಸೀಳು. ಪದರವನ್ನು ಎಬ್ಬಿಸುವಾಗ ಕೊಟ್ಟ ಬೆಂಕಿಯದೇ ಗುರುತಾದರೂ ಆಗಬಹುದು. ಎರಡು, ಒಳಗೆ ಹಾಕಿದ ಬೆಂಕಿ. ಮಳೆಗೆ ಒಳಸೇರಿದ ಕುರಿಗಾಹಿ ಚಳಿಗೆ ಸೌದೆ ಉರಿಸಿದರೆ ಮುಚ್ಚಳದ ಕೆಳಮೈ ಕಾದು ತಟ್ಟೆತಟ್ಟೆಯಾಗಿ ಉದುರುತ್ತದೆ. ಎಳೆತ ಇರುವುದೂ ಆ ಕೆಳಮೈಯಲ್ಲೇ. ಮೂರು, ಒಂದು ಗೋಡೆ ಜಾರಿ ಮುಚ್ಚಳ ಮೂರು ಬಿಂದುಗಳ ಮೇಲೆ ಉಳಿದಾಗ ಬರುವ ತಿರುಚು. ಈ ಮೂರನೆಯದೇ ಹೆಚ್ಚು, ಮತ್ತು ಅದರ ಮೂಲ ಮತ್ತೆ ಬುಡದ ಕಾಡುಗಲ್ಲು.

ಹಾಗಾಗಿ ಬಿದ್ದ ಮನೆಯನ್ನು ಓದುವ ಕ್ರಮ ಹೀಗಿರಬೇಕು. ಮೊದಲು ಗೋಡೆಗಳ ತಲೆ ಯಾವ ದಿಕ್ಕಿಗಿದೆ ನೋಡಬೇಕು. ನಾಲ್ಕೂ ಹೊರಕ್ಕೆ, ಗಿರಗಿಟ್ಲೆಯ ರೆಕ್ಕೆಯಂತೆ ಮಲಗಿ, ಮುಚ್ಚಳ ನಡುವೆ ಚಪ್ಪಟೆಯಾಗಿ ಕೂತಿದ್ದರೆ ಆಸರೆ ಕಳೆದುಕೊಂಡು ತಾನಾಗಿ ಬಿದ್ದದ್ದು. ಎಲ್ಲ ಒಂದೇ ಕಡೆಗೆ, ಇಳಿಜಾರಿನತ್ತ ಬಿದ್ದಿದ್ದರೆ ಬುಡದ ಚಕ್ಕೆಗಳು ಜಾರಿವೆ. ಗೋಡೆಗಳು ಇದ್ದಲ್ಲೇ ಇದ್ದು ಮುಚ್ಚಳ ಮಾತ್ರ ನಾಲ್ಕು ಮಾರು ದೂರ ಬಿದ್ದಿದ್ದರೆ, ಅಥವಾ ಕಿಂಡಿಯ ಚಪ್ಪಡಿಯೊಂದೇ ಒಡೆದಿದ್ದರೆ, ಹಾರೆ ಹಿಡಿದ ಕೈ ಕೆಲಸ ಮಾಡಿದೆ. ನಿಧಿಯ ಆಸೆ ಇನ್ನೂ ಸತ್ತಿಲ್ಲ. ಆಮೇಲೆ ಒಡೆದ ಅಂಚಿನ ಬಣ್ಣ. ಹಳೆಯ ಒಡಕಿನ ಮೇಲೆ ಕಲ್ಲುಹೂ ಬೆಳೆದು ಬೂದು, ಕಪ್ಪು ತೇಪೆಗಳಿರುತ್ತವೆ. ಹೊಸ ಒಡಕು ಗುಲಾಬಿಯೋ ಬಿಳಿಯೋ ಆಗಿ ಹಸಿಯಾಗಿ ಕಾಣುತ್ತದೆ. ಬಿದ್ದ ಚಪ್ಪಡಿಯ ಅಡಿಯ ಬಂಡೆಯೂ ಹೀಗೆಯೇ ಮಾತಾಡುತ್ತದೆ.

ಎಲ್ಲ ಗೋರಿಗಳೂ ನಾಲ್ಕು ಗೋಡೆಯವಲ್ಲ ಎಂಬುದನ್ನೂ ನೆನಪಿಡಬೇಕು. ಮೂರೇ ಗೋಡೆಯಿದ್ದು ಒಂದು ಮಗ್ಗುಲು ತೆರೆದವು ಇವೆ. ದೊಡ್ಡ ಗುಂಡಿನ ಅಡಿಯ ಸಂದಿಗೆ ಕಲ್ಲು ಜೋಡಿಸಿ ಕೋಣೆ ಮಾಡಿದವೂ ಇವೆ. ನಾಲ್ಕನೆಯ ಗೋಡೆ ಇಲ್ಲದ್ದನ್ನೆಲ್ಲ ‘ಹಾಳಾದದ್ದು’ ಎಂದು ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಇದ್ದ ಗೋಡೆ ಹೋಗಿದ್ದರೆ ಹಾಸುಬಂಡೆಯ ಮೇಲೆ ಅದು ಕೂತ ಗೀರು, ಸಿಕ್ಕಿಸಿದ ಚಕ್ಕೆಗಳು ಉಳಿದಿರಬೇಕು. ಏನೂ ಇಲ್ಲದಿದ್ದರೆ ಗೋಡೆ ಮೊದಲೇ ಇರಲಿಲ್ಲವೇನೋ.

ಒಳಗೆ ಏನಿತ್ತು? ಬಹುಪಾಲು ಕೋಣೆಗಳು ಈಗ ಬರಿದು. ಇದನ್ನು ಕಂಡವರು ಕಳ್ಳರು ದೋಚಿದರು ಎಂದು ತೀರ್ಮಾನಿಸಿಬಿಡುತ್ತಾರೆ, ನನಗೆ ಅಷ್ಟು ಅವಸರವಿಲ್ಲ. ಬೃಹತ್ ಶಿಲಾ ಗೋರಿಗಳಲ್ಲಿ ಇಡೀ ಹೆಣವನ್ನು ಹೂಳುವುದಕ್ಕಿಂತ, ಬೇರೆಡೆ ಮಾಂಸ ಕಳೆದ ಮೇಲೆ ಆಯ್ದ ಕೆಲವು ಮೂಳೆಗಳನ್ನು ತಂದಿಡುವ ವಾಡಿಕೆ ಹೆಚ್ಚು. ಬ್ರಹ್ಮಗಿರಿಯಲ್ಲಿ ಹಾಗೆ ಇಟ್ಟ ಮೂಳೆಗಳ ಜೊತೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನುಗಳು ಸಿಕ್ಕವು. ಅವು ನೆಲದೊಳಗೆ ಮಣ್ಣು ಮುಚ್ಚಿಕೊಂಡಿದ್ದವು. ಅಲ್ಲಿ ಕಿಂಡಿ ಪೂರ್ವದ ಚಪ್ಪಡಿಯಲ್ಲಿತ್ತು. ಹಿರೇಬೆಣಕಲ್ಲಿನ ಕೋಣೆಯ ನೆಲವೇ ಬಂಡೆ. ಕಿಂಡಿಯಿಂದ ಬಂದ ಮಳೆನೀರು ಎರಡು ಸಾವಿರಕ್ಕೂ ಹೆಚ್ಚು ಮುಂಗಾರುಗಳಲ್ಲಿ ತೊಳೆದಿದೆ. ಗ್ರಾನೈಟ್ ಸವೆದು ಆದ ಮಣ್ಣಿಗೆ ಸುಣ್ಣದಂಶ ಕಮ್ಮಿ, ಅದರಲ್ಲಿ ಮೂಳೆ ಬಾಳುವುದಿಲ್ಲ. ಉಳಿದದ್ದನ್ನು ನರಿ, ಮುಳ್ಳುಹಂದಿಗಳು ಮುಗಿಸಿರುತ್ತವೆ. ಕಳ್ಳನಿಗೆ ಕೆಲಸವೇ ಉಳಿದಿರಲಾರದು.

ಟೇಲರ್ ಸುರಪುರದ ಸೀಮೆಯಲ್ಲಿ ಅಧಿಕಾರಿಯಾಗಿದ್ದಾಗ ರಾಜನಕೋಳೂರಿನ ಇಂಥದೇ ಕಲ್ಮನೆಗಳನ್ನು ನೋಡಿ ಬರೆದದ್ದು ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ ನಾಲ್ಕೂ ಕಡೆ ಮುಚ್ಚಿದ, ಕಿಂಡಿಯಿದ್ದ ಮನೆಗಳಲ್ಲಿ ಬೂದಿ, ಮೂಳೆಚೂರು, ಇದ್ದಿಲು ಸಿಕ್ಕವು. ಒಂದು ಕಡೆ ತೆರೆದ ಮನೆಗಳಲ್ಲಿ ಏನೂ ಸಿಗಲಿಲ್ಲ. ಅವನ ಇನ್ನೊಂದು ಒಳ್ಳೆಯ ಗುಣ, ಜೇವರ್ಗಿಯ ಕಡೆ ಕಲ್ಗುಪ್ಪೆಗಳನ್ನು ಅಗೆದಾಗ ಮಣ್ಣಿನ ಪದರಗಳನ್ನು ಸೀಳುನೋಟದಲ್ಲಿ ಬರೆದಿಟ್ಟದ್ದು. 1850ರ ದಶಕದಲ್ಲಿ ಅದು ಅಪರೂಪ. ನೂರು ವರ್ಷದ ನಂತರ ವೀಲರ್ ಆ ಚಿತ್ರಗಳನ್ನು ಮೆಚ್ಚಿಕೊಂಡರು.

ಕಾಲ ನಿರ್ಣಯದ ತೊಡಕೂ ಈ ಬರಿದು ಕೋಣೆಯಿಂದಲೇ. ಕಲ್ಲಿಗೆ ಇಂಗಾಲದ ಪರೀಕ್ಷೆ ನಡೆಯುವುದಿಲ್ಲ. ಜೊತೆಗಿರುವ ಇದ್ದಿಲೋ ಮೂಳೆಯೋ ಬೇಕು. ವೀಲರ್ ಬ್ರಹ್ಮಗಿರಿಯ ಗೋರಿಗಳಿಗೆ ಕೊಟ್ಟ ಕಾಲ ಕ್ರಿ.ಪೂ. ಎರಡನೆಯ ಶತಮಾನದಿಂದ ಈಚೆಗಿನದು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ವ್ಯಾಪಾರದ ಸರಕಿನ ಜೊತೆ ಸಿಕ್ಕ ಮಡಕೆಗಳಿಗೆ ಹೋಲಿಸಿ ಎಣಿಸಿದ್ದು. ಆಮೇಲೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕಬ್ಬಿಣದ ಜೊತೆಗೆ ಸಿಕ್ಕ ಇದ್ದಿಲು ಕ್ರಿ.ಪೂ. 1000ದ ಆಸುಪಾಸಿನದು ಎಂದು ತೋರಿತು. ಇಡೀ ಲೆಕ್ಕ ಹಲವು ಶತಮಾನ ಹಿಂದಕ್ಕೆ ಸರಿಯಿತು.

ಬಿದ್ದದ್ದನ್ನು ಎತ್ತಿ ನಿಲ್ಲಿಸಬೇಕೇ ಎಂಬುದು ಬಿಸಿ ಚರ್ಚೆಯ ವಿಷಯ. ನನ್ನ ಒಲವು ಬೇಡ ಎನ್ನುವ ಕಡೆಗೆ, ಅದರಲ್ಲೂ ಸಿಮೆಂಟ್ ಹಾಕಿ ಬೇಡವೇ ಬೇಡ. ಈ ಕಟ್ಟಡದ ಜೀವ ಇರುವುದು ಅದರ ಸಡಿಲಿನಲ್ಲಿ. ಬಿಸಿಲಿಗೆ ಚಪ್ಪಡಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಒಣ ಸಂದಿ ಅದಕ್ಕೆ ಜಾಗ ಕೊಡುತ್ತದೆ. ಬುಡಕ್ಕೆ ಕಾಂಕ್ರೀಟ್ ಸುರಿದರೆ ಗೋಡೆ ಅಲ್ಲಾಡದೆ ಬಿಗಿಯುತ್ತದೆ, ತುದಿಯ ಭಾರವೆಲ್ಲ ಕಾಂಕ್ರೀಟಿನ ಅಂಚಿಗೆ ಬಂದು ಸೀಳು ಅಲ್ಲಿ ಹುಟ್ಟುತ್ತದೆ. ನೀರು ಇಳಿದು ಹೋಗದೆ ನಿಲ್ಲುತ್ತದೆ. ಮಾಡಲೇಬೇಕಾದರೆ ಮಾಡಬೇಕಾದ್ದು ಸಣ್ಣ ಕೆಲಸ: ಇನ್ನೂ ನಿಂತಿರುವ ಮನೆಗಳ ಬುಡದಿಂದ ಸರಿದ ಕಾಡುಗಲ್ಲನ್ನು, ಅದೇ ಜಾಗದ ಕಲ್ಲಿನಿಂದಲೇ, ಕೈಯಲ್ಲಿ ಮತ್ತೆ ಒಟ್ಟುವುದು, ಸಂದಿಯಲ್ಲಿ ಬೇರು ಬಿಟ್ಟ ಆಲ, ಅರಳಿ ಸಸಿಗಳನ್ನು ಬೆರಳ ದಪ್ಪ ಆಗುವ ಮೊದಲು ಕಡಿಯುವುದು. ಕಿತ್ತರೆ ಬೇರಿನ ಜೊತೆ ಚಕ್ಕೆಯೂ ಬರುತ್ತದೆ, ಕಡಿಯಬೇಕು. ಇದನ್ನೂ ರಕ್ಷಿತ ಸ್ಮಾರಕದ ಹೊಣೆ ಹೊತ್ತವರೇ ಮಾಡಬೇಕು, ಉತ್ಸಾಹಿಗಳ ಶ್ರಮದಾನ ಅಲ್ಲ.

ಬಂಡೆಯಾಸರೆಗಳಲ್ಲಿ ಕೆಮ್ಮಣ್ಣಿನ ಚಿತ್ರಗಳಿವೆ, ಮನುಷ್ಯರು, ದನ, ಬೇಟೆ. ಅವಕ್ಕೆ ಬೇರೆಯದೇ ಬರಹ ಬೇಕು. ಗುಡ್ಡದ ಮೇಲಿನ ಕಲ್ಲು ನಗಾರಿಯ ಬಗ್ಗೆ ಮಾತ್ರ ಎರಡು ಮಾತು. ಸುಮಾರು 10 ಮೀಟರ್ ಎತ್ತರದ ಗುಂಡಿನ ಮೇಲೆ ಅರ್ಧಗೋಳದ ಒಂದು ಕಲ್ಲು ಕೂತಿದೆ. ಅಡ್ಡಳತೆ 2 ಮೀಟರ್, ಎತ್ತರ ಒಂದೂವರೆ. ಬಡಿದರೆ ಒಂದು ಕಿಲೊಮೀಟರ್ ದೂರಕ್ಕೆ ಕೇಳುತ್ತದೆ ಎನ್ನುತ್ತಾರೆ. ಬಳ್ಳಾರಿ ಬಳಿಯ ಸಂಗನಕಲ್ಲು-ಕುಪ್ಪಗಲ್ಲಿನಲ್ಲೂ ದನಿಗಲ್ಲುಗಳಿವೆ. ಕಲ್ಲು ದನಿ ಕೊಡುವುದು ಅದು ಕೆಲವೇ ಬಿಂದುಗಳ ಮೇಲೆ ಕೂತು ಉಳಿದ ಮೈ ಬಿಡುವಾಗಿದ್ದಾಗ. ಒಳಗೊಂದು ಕೂದಲೆಳೆ ಸೀಳು ಬಿದ್ದರೂ ಒಡೆದ ಮಡಕೆಯಂತೆ ಮೊಂಡು ಸದ್ದು. ಹತ್ತಿದವರೆಲ್ಲ ಕಲ್ಲು ಹಿಡಿದು ಬಡಿಯುವ ಜಾಗದಲ್ಲಿ ಸಣ್ಣ ಗುಳಿ ಬಿದ್ದಿರುತ್ತದೆ, ಸೀಳು ಶುರುವಾಗುವುದು ಅಂಥ ಗುಳಿಯಿಂದ. ಕೈಮುಷ್ಟಿಯಿಂದ ತಟ್ಟಿದರೆ ಸಾಕು, ಕಿವಿ ಕಲ್ಲಿಗೆ ಹಚ್ಚಿದವನಿಗೆ ಕೇಳುತ್ತದೆ.

ಹೋಗುವವರು ಬೆಳಗಿನ ಏಳಕ್ಕೆಲ್ಲ ಮೇಲೆ ಇರಬೇಕು, ಕುಡಿಯುವ ನೀರು ತಲಾ ಎರಡು ಮೂರು ಲೀಟರ್ ಹೊತ್ತಿರಬೇಕು, ಕರಡಿ-ಚಿರತೆಯ ಸೀಮೆಯಾದ್ದರಿಂದ ಊರಿನವರೊಬ್ಬರ ಜೊತೆ ಹೋಗಬೇಕು. ಆ ಹೊತ್ತಿನ ಓರೆ ಬಿಸಿಲಿನಲ್ಲಿ ಚಪ್ಪಡಿಯ ಮೇಲಿನ ಬಡಿದ ಗುರುತುಗಳು ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಹತ್ತು ಗಂಟೆಯ ನಂತರ ಅದೇ ಕಲ್ಲು ಮೊಂಡು ಬೂದಿ ಗೋಡೆ. ಕಿಂಡಿಯ ಅಂಚಿನ ಮೇಲೆ ಬೆರಳಾಡಿಸದೆ, ಕಣ್ಣಿನಲ್ಲೇ ಹಿಂಬಾಲಿಸಿದರೆ ಚಕ್ಕೆ ತೆಗೆದದ್ದು ಯಾವ ಮಗ್ಗುಲಿಂದ ಎಂದು ತಿಳಿಯುತ್ತದೆ. ಆಮೇಲೆ ಬಗ್ಗಿ, ಗೋಡೆ ಬಂಡೆಗೆ ಕೂತ ಗೆರೆಯನ್ನು ನೋಡಿ. ಅಲ್ಲಿ ಅಂಗೈಯಷ್ಟು ಅಗಲದ, ಬೆರಳಷ್ಟು ದಪ್ಪದ ಒಂದು ಚಕ್ಕೆ ಸಿಕ್ಕಿಕೊಂಡಿರುತ್ತದೆ. ಎರಡು ಟನ್ನಿನ ಗೋಡೆಯನ್ನು ನೆಟ್ಟಗೆ ನಿಲ್ಲಿಸಿ, ಕೊನೆಗೆ ಯಾರೋ ಮೊಣಕಾಲೂರಿ ಒಳಗೆ ತಳ್ಳಿದ್ದು.